ಕಪ್ಪು ನೆಲ, ಬಿಳಿಯ ಹತ್ತಿ, ದೂರದ ಧಾರಣೆ

ಮಳೆಯನ್ನೇ ನಂಬಿದ ಎರೆಹೊಲದಲ್ಲಿ ಹತ್ತಿಯ ಕಾಯಿ ಒಡೆಯುವುದು ಚಳಿ ಹಿಂದೆಗೆದು ಬಿಸಿಲು ಬಲಿಯುವ ಹೊತ್ತಿಗೆ. ಆಗ ಯಲಬುರ್ಗೆಯ ಸುತ್ತಿನ ಕಪ್ಪು ನೆಲದಲ್ಲಿ ಹೆಂಗಸರು ಉಡಿ ಕಟ್ಟಿಕೊಂಡು, ಸಾಲು ಹಿಡಿದು, ಹತ್ತಿ ಬಿಡಿಸುತ್ತ ಹೋಗುವರು. ಸಂಜೆಗೆ ಪಡಸಾಲೆಯಲ್ಲಿ ಬಿಳಿಯ ರಾಶಿ ಏರುವುದು. ಅಂದು ಮನೆಯ ಹಿರಿಯನ ಬಾಯಿಂದ ಬರುವ ಪ್ರಶ್ನೆ ಒಂದೇ:

“ಪ್ಯಾಟ್ಯಾಗ ಧಾರಣಿ ಹ್ಯಾಂಗದ?”

ಪ್ರಶ್ನೆ ಸರಳವಾದುದು. ಉತ್ತರ ಮಾತ್ರ ಊರಿನಲ್ಲಿಲ್ಲ, ತಾಲ್ಲೂಕಿನಲ್ಲಿಯೂ ಇಲ್ಲ. ನೂರ ಅರವತ್ತು ವರ್ಷಗಳ ಹಿಂದೆ ಆ ಉತ್ತರ ಸಾವಿರಾರು ಮೈಲುಗಳಾಚೆ, ಅಮೆರಿಕದ ರಣಭೂಮಿಯಲ್ಲಿ ಸಿದ್ಧವಾಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯೆಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿ ಮೆರೆದ ಊರಿಗೂ, ಮಿಸಿಸಿಪ್ಪಿ ನದಿಯ ದಂಡೆಯ ತೋಟಗಳಿಗೂ ಏನು ಸಂಬಂಧ? ಸಂಬಂಧವಿದೆ, ಅದು ಒಂದು ಎಳೆ ನೂಲಿನಷ್ಟು ಸಣ್ಣದು, ಆದರೆ ಬಲು ಗಟ್ಟಿಯಾದುದು.

ಯಂತ್ರವೊಂದು ತಂದ ಸಿರಿ, ತಂದ ಪಾಪ

ಹದಿನೆಂಟನೆಯ ಶತಮಾನದ ಕೊನೆಯವರೆಗೆ ಅಮೆರಿಕ ಹತ್ತಿಗೆ ಹೆಸರಾದ ದೇಶವಲ್ಲ. ಅಲ್ಲಿಯ ಒಳನಾಡಿನಲ್ಲಿ ಬೆಳೆಯುತ್ತಿದ್ದ ಹತ್ತಿಯಲ್ಲಿ ಅರಳೆಯು ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತಿತ್ತು. ಒಬ್ಬ ಆಳು ದಿನವೆಲ್ಲ ಕುಳಿತು ಕೈಯಿಂದ ಬಿಡಿಸಿದರೆ ದೊರೆಯುತ್ತಿದ್ದುದು ಸುಮಾರು ಒಂದು ರತ್ತಲು ಅರಳೆ. 1793ರಲ್ಲಿ ಎಲಿ ವ್ಹಿಟ್ನಿ ಎಂಬ ತರುಣನು ಹಲ್ಲುಗಳುಳ್ಳ ಉರುಳೆಯೊಂದನ್ನು ಪೆಟ್ಟಿಗೆಯಲ್ಲಿ ಕೂಡಿಸಿ, ಹಿಡಿಕೆಯಿಂದ ತಿರುಗಿಸಿ ನೋಡಿದ. ದಿನಕ್ಕೆ ಐವತ್ತು ರತ್ತಲು ಅರಳೆ ಬಂದಿತು. ಮುಂದೆ ಆ ಹಲ್ಲುಗಳ ಸ್ಥಳದಲ್ಲಿ ಗರಗಸದ ಬಿಲ್ಲೆಗಳು ಬಂದವು. ‘ಗರಗಸದ ಜಿನ್ನು’ ಹುಟ್ಟಿತು.

ಐವತ್ತು ಜನರ ದುಡಿಮೆಯನ್ನು ಒಂದು ಯಂತ್ರ ಮಾಡಿದರೆ ಗುಲಾಮರ ಹೊರೆ ಇಳಿಯಬೇಕಲ್ಲವೆ? ನಡೆದುದು ಅದಕ್ಕೆ ತೀರ ವಿರುದ್ಧ. ಬೀಜ ಬಿಡಿಸುವುದು ಸುಲಭವಾಯಿತೆಂದು ಬಿತ್ತುವ ನೆಲ ಬೆಳೆಯಿತು. ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಕೈಗಳು ಬೇಕಾದವು. 1790ರಲ್ಲಿ ಆ ದೇಶದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರ ಜನಗಣತಿಯಲ್ಲಿ ಆ ಸಂಖ್ಯೆ 40 ಲಕ್ಷವನ್ನು ಮುಟ್ಟುತ್ತ ಬಂದಿತ್ತು. ಕೆಲವೇ ಸಾವಿರ ಅಂಡಿಗೆಗಳಷ್ಟಿದ್ದ ಹತ್ತಿಯ ಬೆಳೆಯೂ ಅಷ್ಟರಲ್ಲಿ 40 ಲಕ್ಷ ಅಂಡಿಗೆಗಳ ಆಚೀಚೆಗೆ ಬಂದಿತ್ತು. ಇಂಗ್ಲೆಂಡಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಗುಲಾಮರ ಬೆವರಿನದು.

ಅದೇ ದೇಶದ ಉತ್ತರ ಭಾಗದಲ್ಲಿ ಇನ್ನೊಂದು ಬಗೆಯ ಬದಲಾವಣೆ ನಡೆದಿತ್ತು. 1823ರಲ್ಲಿ ಮೆರಿಮ್ಯಾಕ್ ನದಿಯ ನೀರು ಧುಮುಕುವ ಸ್ಥಳದಲ್ಲಿ ನೂಲು ಬಟ್ಟೆಗಳ ಗಿರಣಿ ಕೆಲಸ ಮಾಡತೊಡಗಿತು. ಅದರ ಸುತ್ತ ಬೆಳೆದ ಊರೇ ಲೊವೆಲ್. ಅಲ್ಲಿ ದುಡಿಯಲು ಬಂದವರಲ್ಲಿ ಬಹುಪಾಲು ಹಳ್ಳಿಯ ಒಕ್ಕಲು ಮನೆತನಗಳ ಕನ್ಯೆಯರು. ನಸುಕಿನಲ್ಲಿ ಗಂಟೆ ಬಾರಿಸಿದೊಡನೆ ಎದ್ದು, ದಿನಕ್ಕೆ ಹನ್ನೆರಡು ಹದಿಮೂರು ತಾಸು ಮಗ್ಗಗಳ ಮುಂದೆ ನಿಂತು, ರಾತ್ರಿ ಕಂಪನಿಯ ವಸತಿಗೃಹಕ್ಕೆ ಮರಳುತ್ತಿದ್ದರು. ತವರಿನ ಸಾಲ ತೀರಿಸಲು, ತಮ್ಮನ ಓದಿಗೆ ನೆರವಾಗಲು ಹಣ ಕಳಿಸುತ್ತಿದ್ದರು. ಕೈಯಲ್ಲಿ ಸ್ವಂತ ಗಳಿಕೆ ಬಂದಾಗ ಬಾಯಲ್ಲಿ ಸ್ವಂತ ಮಾತೂ ಬಂದಿತು. 1840ರಿಂದ ತಾವೇ ಬರೆದ ಕಥೆ ಕವಿತೆಗಳ ಪತ್ರಿಕೆಯೊಂದನ್ನು ಅವರು ಹೊರಡಿಸಿದರು. ಕೂಲಿ ಇಳಿಸಿದಾಗ 1834ರಲ್ಲಿ, ವಸತಿಯ ದರ ಏರಿಸಿದಾಗ 1836ರಲ್ಲಿ ಕೆಲಸ ಬಿಟ್ಟು ಬೀದಿಗಿಳಿದರು. ದುಡಿಮೆಯ ದಿನ ಹತ್ತು ತಾಸಿಗೆ ಇಳಿಯಬೇಕೆಂದು ಸಾರಾ ಬ್ಯಾಗ್ಲಿ ಎಂಬಾಕೆಯ ಮುಂದಾಳುತನದಲ್ಲಿ ಸಂಘ ಕಟ್ಟಿದರು.

ಈ ಕನ್ಯೆಯರ ಬೆರಳುಗಳ ನಡುವೆ ಹಾದುಹೋದ ನೂಲು ದಕ್ಷಿಣದ ಗುಲಾಮಳೊಬ್ಬಳು ಬಿಡಿಸಿದ ಹತ್ತಿಯದು. ಒಬ್ಬಳಿಗೆ ಕೂಲಿಯಿತ್ತು, ಇನ್ನೊಬ್ಬಳಿಗೆ ಚಾವಟಿಯಿತ್ತು. ಒಂದೇ ಎಳೆಯ ಎರಡು ತುದಿಗಳನ್ನು ಹಿಡಿದವರು ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ.

ಕುಸುಗಲ್ಲಿಗೆ ಬಂದ ಬೀಜ

ಇಂಗ್ಲೆಂಡಿನ ಗಿರಣಿಗಳ ಒಡೆಯರಿಗೆ ಮಾತ್ರ ಒಳಗೊಳಗೇ ಅಂಜಿಕೆಯಿತ್ತು. ಒಂದೇ ದೇಶವನ್ನು ನಂಬಿ ಕುಳಿತರೆ, ನಾಳೆ ಅಲ್ಲಿ ಏನಾದರೂ ಆದರೆ ಗತಿಯೇನು? ಅವರ ಒತ್ತಾಯದ ಮೇರೆಗೆ ಕಂಪನಿ ಸರಕಾರವು 1840ರಲ್ಲಿ ಅಮೆರಿಕದ ದಕ್ಷಿಣ ಪ್ರಾಂತಗಳಿಂದ ಹತ್ತು ಮಂದಿ ಹತ್ತಿಯ ತೋಟಗಾರರನ್ನು ಭಾರತಕ್ಕೆ ಕರೆತಂದಿತು. ಬೀಜವೂ ಬಂದಿತು, ಜಿನ್ನುಗಳೂ ಬಂದವು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರದ ಹೊಲದಲ್ಲಿ ನ್ಯೂ ಆರ್ಲಿಯನ್ಸಿನ ಹತ್ತಿಯನ್ನು ಬಿತ್ತಲಾಯಿತು. ಅದನ್ನು ನೋಡಿಕೊಂಡವನು ಮರ್ಸರ್ ಎಂಬ ಅಮೆರಿಕನ್.

ದೇಶದ ಬೇರೆ ಬೇರೆ ಭಾಗಗಳಲ್ಲಿ ಈ ಪ್ರಯೋಗ ನೆಲಕಚ್ಚಿತು. ಧಾರವಾಡದ ಸೀಮೆಯಲ್ಲಿ ಮಾತ್ರ ಬೇರು ಬಿಟ್ಟಿತು. ಮುಂಗಾರು ಹಿಂಗಾರುಗಳೆರಡೂ ಒಂದಿಷ್ಟು ತಟ್ಟುವ ಹವೆ, ತೇವ ಹಿಡಿದಿಡುವ ಎರೆಮಣ್ಣು ಪರದೇಶದ ಬೀಜಕ್ಕೆ ಒಗ್ಗಿದವು. ಆಗ ಡಂಬಳ ತಾಲ್ಲೂಕೆನಿಸಿದ್ದ ಗದಗಿನ ಭಾಗವಂತೂ ಅದರ ತವರೇ ಆಯಿತು.

ಇಲ್ಲಿ ಮರ್ಸರನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕಲಿಸಲೆಂದು ಬಂದ ಅವನು ಕೆಲವು ವರ್ಷಗಳಲ್ಲೇ ಸರಕಾರಕ್ಕೆ ತಿಳಿಸಿದುದೇನೆಂದರೆ, ಈ ಪ್ರಾಯೋಗಿಕ ಹೊಲಗಳು ದಂಡದ ವೆಚ್ಚ. ಅಮೆರಿಕದ ಸಾಗುವಳಿಯ ಕ್ರಮ ಈ ದೇಶಕ್ಕೆ ಹೊಂದದು. ತಮ್ಮ ನೆಲ ಹವೆಗಳನ್ನು ಬಲ್ಲ ಇಲ್ಲಿಯ ಒಕ್ಕಲಿಗರು ಯಾವ ಬಿಳಿಯನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೇಸಾಯ ಮಾಡಬಲ್ಲರು. ಗುರುವು ಶಿಷ್ಯನಿಗೆ ಹೀಗೆ ಮಣಿದುದು ಚರಿತ್ರೆಯಲ್ಲಿ ಅಪರೂಪ.

ಬೀಜದ ಹಿಂದೆಯೇ ಯಂತ್ರ ಬರಬೇಕಾಯಿತು. ಜವಾರಿ ಹತ್ತಿಯನ್ನು ನಮ್ಮ ಹೆಂಗಸರು ಹಾಸುಗಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಬೀಜ ಬೇರ್ಪಡಿಸುತ್ತಿದ್ದರು. ಅಮೆರಿಕನ್ ಹತ್ತಿಗೆ ಈ ವಿದ್ಯೆ ಸಾಗಲಿಲ್ಲ. ಅದಕ್ಕೆ ವ್ಹಿಟ್ನಿಯ ಗರಗಸವೇ ಬೇಕು. ಧಾರವಾಡದಲ್ಲಿ ಸರಕಾರದ ಜಿನ್ನು ಕಾರಖಾನೆ ನಿಂತಿತು; ಇಲ್ಲಿಯ ಕಮ್ಮಾರ ಬಡಿಗರು ಗರಗಸದ ಹಲ್ಲು ತೀಡುವುದನ್ನು ಕಲಿತರು. ಗರಗಸದಲ್ಲಿ ಬಿಡಿಸಿದ ಈ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ಧಾರವಾಡದ ಹೆಸರೇ ಅಂಟಿತು. ಜವಾರಿ ಹತ್ತಿಗೆ ಅದು ಹಡಗೇರುತ್ತಿದ್ದ ಬಂದರಿನ ಹೆಸರು, ‘ಕುಮಟಾ’, ನಿಂತಿತು. ಬೆಳೆದವನ ಊರಿನ ಹೆಸರು ಮಾತ್ರ ಯಾವ ಪೇಟೆಯಲ್ಲಿಯೂ ಕೇಳಿಬರಲಿಲ್ಲ.

ಗಡಿಯಾಚೆಯ ಯಲಬುರ್ಗಾ

ಗದಗಿನ ಪೂರ್ವಕ್ಕೆ ಅಂದು ಒಂದು ಗಡಿಯಿತ್ತು. ಇತ್ತ ಮುಂಬಯಿ ಇಲಾಖೆ, ಅತ್ತ ನಿಜಾಮನ ಸಂಸ್ಥಾನ. 1853ರಿಂದ 1883ರವರೆಗೆ ಹೈದರಾಬಾದಿನ ದಿವಾನನಾಗಿದ್ದ ಮೊದಲನೆಯ ಸಾಲಾರಜಂಗನ ಮನೆತನಕ್ಕೆ ಕೊಪ್ಪಳ, ಯಲಬುರ್ಗೆಗಳು ಜಹಗೀರಾಗಿ ನಡೆದುಬಂದಿದ್ದವು. ರಾಜ್ಯ ಬೇರೆ, ಕಾನೂನು ಬೇರೆ, ಕಚೇರಿಯ ಭಾಷೆ ಬೇರೆ. ಕರೋಡಗಿರಿಯೆಂಬ ಸುಂಕದ ಇಲಾಖೆಯ ಕಣ್ಣು ತಪ್ಪಿಸಿ ಸರಕು ಗಡಿ ದಾಟುವಂತಿರಲಿಲ್ಲ.

ಆದರೆ ಕಪ್ಪು ನೆಲಕ್ಕೆ ಗಡಿ ತಿಳಿಯದು. ಗದಗಿನಿಂದ ಕುಕನೂರು, ಯಲಬುರ್ಗಾ, ಕುಷ್ಟಗಿಗಳ ಕಡೆಗೆ ಅದು ಮಸಾರಿಯೊಡನೆ ಕೂಡುತ್ತ ಅಗಲುತ್ತ ಹಬ್ಬಿದೆ. ಗದಗು ಈ ಸೀಮೆಗೆ ಹತ್ತಿರದ ದೊಡ್ಡ ಪೇಟೆ. ಗಾಡಿಯ ಎತ್ತು ಹೋದ ದಾರಿಯಲ್ಲೇ ಧಾರಣೆಯ ಸುದ್ದಿಯೂ ತಿರುಗಿ ಬರುತ್ತಿತ್ತು. ಸಂಸ್ಥಾನದ ನಾಣ್ಯ ಬೇರೆಯಾಗಿದ್ದರೂ ಹತ್ತಿಯ ಬೆಲೆ ಲಿವರ್‌ಪೂಲಿನದೇ.

ಯುದ್ಧದ ಹಣ

1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ದಕ್ಷಿಣಗಳ ನಡುವೆ ಯುದ್ಧ ಹೊತ್ತಿತು. ಗುಲಾಮಗಿರಿಯೇ ಅದರ ಬೇರು. ಉತ್ತರದ ಹಡಗುಗಳು ದಕ್ಷಿಣದ ಬಂದರುಗಳಿಗೆ ಕಾವಲು ನಿಂತುದರಿಂದ ಹತ್ತಿ ಹೊರಹೋಗುವುದು ನಿಂತಿತು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಗಿರಣಿಗಳ ಹೊಗೆ ಆರಿತು, ಲಕ್ಷಾಂತರ ಕೆಲಸಗಾರರ ಒಲೆಗಳೂ ಆರಿದವು. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಮೂರೇ ವರ್ಷಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು.

ಆಗ ಎಲ್ಲರ ಕಣ್ಣೂ ಭಾರತದ ಕಪ್ಪು ನೆಲದ ಮೇಲೆ. ಮ್ಯಾಂಚೆಸ್ಟರಿನ ವರ್ತಕರು ಕಂಪನಿ ಕಟ್ಟಿ, ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಕಡಲಿಗೆ ಕಳಿಸಿದರು. ಅವು ಬಂದಿಳಿದಾಗ ಘಟ್ಟದ ರಸ್ತೆಯೇ ಮುಗಿದಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಧಾರವಾಡದ ಹತ್ತಿಗೊಂದು ಬಂದರು ಬೇಕೆಂಬುದೇ ಇದರ ಮುಖ್ಯ ಕಾರಣ. ಅರಬೈಲು ಘಟ್ಟದಲ್ಲಿ ಗಾಡಿಯ ದಾರಿ ಬೆಳೆಯಿತು. ಕನ್ನಡನಾಡಿನ ಆಡಳಿತದ ಗೆರೆಯೊಂದು ಹೀಗೆ ಹತ್ತಿಯ ಕಾರಣದಿಂದ ಬದಲಾಯಿತು.

ರೈತನ ಮನೆಗೂ ಹಣ ಬಂದಿತು, ಸುಳ್ಳಲ್ಲ. ಸಾಲ ತೀರಿತು, ಹೆಂಡತಿಯ ಮೈಮೇಲೆ ಬಂಗಾರ ಬಂದಿತು, ಮದುವೆಗಳು ಜೋರಾಗಿ ನಡೆದವು. ಹತ್ತಿಯ ಸೀಮೆಗಳಲ್ಲಿ ಗಾಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದರೆಂಬ ಮಾತು ಆ ಕಾಲದ ಬರಹಗಳಲ್ಲಿ ಉಳಿದಿದೆ. ಹಣದ ಜೊತೆಗೆ ಕೆಡುಕೂ ಬಂದಿತು. ತೂಕ ಹೆಚ್ಚಿಸಲು ಅರಳೆಗೆ ಬೀಜ, ಎಲೆ, ಮಣ್ಣು ಬೆರೆಸುವವರು ಹುಟ್ಟಿಕೊಂಡರು. ಜವಾರಿಯನ್ನು ಅಮೆರಿಕನ್ನಿನೊಡನೆ ಕೂಡಿಸಿ ಮಾರುವವರೂ ಹುಟ್ಟಿಕೊಂಡರು. ಇದನ್ನು ತಡೆಯಲೆಂದೇ 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸದ ಕಾನೂನನ್ನು ತಂದಿತು.

ಮುಂಬಯಿಯಲ್ಲಂತೂ ಹಣದ ಹೊಳೆಯೇ ಹರಿಯಿತು. ಯುದ್ಧದ ವರ್ಷಗಳಲ್ಲಿ ಮಾಮೂಲಿಗಿಂತ 7–8 ಕೋಟಿ ಪೌಂಡು ಹೆಚ್ಚಿಗೆ ಬಂದಿತೆಂದು ಆ ಕಾಲದವರು ಲೆಕ್ಕ ಹಾಕಿದ್ದರು. ಸಮುದ್ರವನ್ನು ತುಂಬಿ ನೆಲ ಮಾಡುತ್ತೇವೆಂದು ಹೊರಟ ಕಂಪನಿಯ ಐದು ಸಾವಿರದ ಷೇರು ಐವತ್ತು ಸಾವಿರಕ್ಕೆ ಏರಿತು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂದಿತು. ಲೋಕಕ್ಕೆಲ್ಲ ಶಾಂತಿಯ ಸುದ್ದಿ; ಮುಂಬಯಿಗೆ ಸಿಡಿಲಿನ ಸುದ್ದಿ. ಹತ್ತಿ ಬಿದ್ದಿತು, ಷೇರು ಬಿದ್ದಿತು, ಜುಲೈ 1ರ ವಾಯಿದೆಯ ದಿನ ಸಾಹುಕಾರರು ಸಾಲುಸಾಲಾಗಿ ದಿವಾಳಿಯೆದ್ದರು.

ಹೊಲದಲ್ಲಿದ್ದವನಿಗೆ ಈ ಸಿಡಿಲಿನ ಸದ್ದು ಕೇಳಿಸಿದುದು ತಡವಾಗಿ. ಬೆಲೆ ಏರಿದುದೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಇಳಿದುದೇಕೆಂದೂ ಹೇಳಲಿಲ್ಲ. ಏರಿದ ವರ್ಷ ಮಾಡಿದ ಖರ್ಚಿನ ರೂಢಿ ಉಳಿಯಿತು, ಅದರ ಹಿಂದೆ ಸಾಲ ಬಂದಿತು.

ಧಾತುವಿನ ಬರ ಮತ್ತು ಉಗಿಬಂಡಿ

ಹನ್ನೊಂದು ವರ್ಷಗಳ ನಂತರ, 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಹತ್ತಿಯನ್ನು ಹೊರನಾಡಿಗೆ ಕಳಿಸಲು ದಾರಿ ಮಾಡಿದವರು ಹಸಿದ ಊರಿಗೆ ಜೋಳ ತರಲು ದಾರಿ ಮಾಡಿರಲಿಲ್ಲ. ಎತ್ತುಗಳು ಮೇವಿಲ್ಲದೆ ಸತ್ತಮೇಲೆ ಗಾಡಿಯಿದ್ದೂ ಇಲ್ಲದಂತಾಯಿತು. 1872ಕ್ಕೂ 1881ಕ್ಕೂ ನಡುವೆ ಧಾರವಾಡ ಜಿಲ್ಲೆಯೊಂದರಲ್ಲೇ ಜನಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚು ಇಳಿಯಿತು. ನಿಜಾಮನ ಸೀಮೆಯ ಈ ಭಾಗಗಳೂ ಅದೇ ಬೆಂಕಿಯಲ್ಲಿ ಬೆಂದವು.

ಆ ಬರ ಕಲಿಸಿದ ಪಾಠದಿಂದಲೇ ರೈಲು ಬಂದಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಹೋಟಗಿಯಿಂದ ಗದಗಿಗೂ, ಬಳ್ಳಾರಿ ಹೊಸಪೇಟೆಗಳಿಂದ ಕೊಪ್ಪಳದ ಮೇಲೆ ಹಾಯ್ದು ಗದಗು ಹುಬ್ಬಳ್ಳಿಗಳಿಗೂ ಹಳಿ ಹಾಸಿತು. 1888ರ ಹೊತ್ತಿಗೆ ಮಾರ್ಮಗೋವೆಯ ಕಡಲನ್ನು ಮುಟ್ಟಿತು. ಗದಗು ಜಂಕ್ಷನ್ನಾಯಿತು, ಹತ್ತಿ ಒತ್ತುವ ಕಾರಖಾನೆಗಳ ಊರಾಯಿತು. ಘಟ್ಟ ಇಳಿಯುವ ಗಾಡಿಗಳು ನಿಂತವು, ಕುಮಟೆಯ ಬಂದರು ಮಂಕಾಯಿತು. ಲೊವೆಲ್ಲಿನಂತೆಯೇ ನೀರಿನ ಬಲದಿಂದ ಗೋಕಾಕದ ಜಲಪಾತದ ಬಳಿ 1887ರಲ್ಲಿ ನೂಲಿನ ಗಿರಣಿ ತಿರುಗಿತು. ಗಿರಣಿಯ ನೂಲು ಅಗ್ಗವಾಗಿ ಸಂತೆಗೆ ಬಂದಾಗ ನೇಕಾರನು ಉಳಿದುಕೊಂಡ. ಮನೆಯ ಮೂಲೆಯಲ್ಲಿ ರಾಟಿ ತಿರುಗಿಸಿ ನಾಲ್ಕು ಕಾಸು ಗಳಿಸುತ್ತಿದ್ದ ವಿಧವೆಯ, ಮುದುಕಿಯ ಕೆಲಸ ಮಾತ್ರ ಹೇಳದೆ ಕೇಳದೆ ಹೋಯಿತು. ಲೊವೆಲ್ಲಿನ ಕನ್ಯೆಯರಿಗೆ ಪತ್ರಿಕೆಯಾದರೂ ಇತ್ತು; ಈಕೆಯ ಅಳಲನ್ನು ಬರೆದಿಟ್ಟವರಿಲ್ಲ.

ಯಲಬುರ್ಗೆಯ ಊರಿಗೆ ರೈಲು ಬರಲಿಲ್ಲ. ತಾಲ್ಲೂಕಿನ ದಕ್ಷಿಣದ ಅಂಚನ್ನು ಸವರಿಕೊಂಡು ಹಳಿ ಹೋಯಿತು.

ಎರಡು ದೇಶ, ಒಂದು ಸಾಲ

ಅತ್ತ ಅಮೆರಿಕದಲ್ಲಿ 1865ರ ಕೊನೆಗೆ ಗುಲಾಮಗಿರಿ ಕಾನೂನಿನಿಂದ ಅಳಿಯಿತು. ಸರಪಳಿ ಹೋಯಿತು, ನೆಲ ಬರಲಿಲ್ಲ. ಬಿಡುಗಡೆ ಹೊಂದಿದವರು ಅದೇ ಒಡೆಯರ ಹೊಲಗಳನ್ನು ಪಾಲಿಗೆ ಮಾಡಿದರು. ಬೀಜ, ಹಿಟ್ಟು, ಬಟ್ಟೆಗಳನ್ನು ಅಂಗಡಿಯವನಿಂದ ಉದ್ದರಿ ತಂದು, ಬಾರದ ಬೆಳೆಯನ್ನು ಅವನಿಗೆ ಒತ್ತೆಯಿಟ್ಟರು. ಬಡ ಬಿಳಿಯ ಒಕ್ಕಲಿಗರೂ ಅದೇ ಬಲೆಗೆ ಬಿದ್ದರು. 1894ರಲ್ಲಿ ಅಲ್ಲಿ ಹತ್ತಿಯ ಬೆಲೆ ರತ್ತಲಿಗೆ ಐದು ಸೆಂಟಿಗಿಂತ ಕೆಳಗಿಳಿಯಿತು.

ಇತ್ತ ಎರೆಭೂಮಿಯಲ್ಲಿಯೂ ಕಥೆ ಬೇರೆಯಲ್ಲ. ಹತ್ತಿ ಹೂವಾಡುವ ಮೊದಲೇ ಅದು ಸಾಹುಕಾರನ ದಫ್ತರದಲ್ಲಿ ಜಮೆಯಾಗಿರುತ್ತಿತ್ತು. ಹಣ ಕೊಟ್ಟವನೇ ಕೊಳ್ಳುವವನು, ಕೊಳ್ಳುವವನೇ ತೂಗುವವನು. ಒಬ್ಬನ ಕೈಯಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಇದ್ದರೆ ಮುಳ್ಳು ಎತ್ತ ವಾಲೀತು?

ಅಮೆರಿಕದ ರೈತರು ಒಕ್ಕೂಟಗಳನ್ನು ಕಟ್ಟಿ, ಕೂಡಿ ಕೊಳ್ಳುವ, ಕೂಡಿ ಮಾರುವ ಪ್ರಯತ್ನ ಮಾಡಿದರು. ಬಂಡವಾಳ ಸಾಲದೆ ಅವುಗಳಲ್ಲಿ ಬಹಳಷ್ಟು ಮುರಿದುಬಿದ್ದವು. ಕನ್ನಡನಾಡಿನಲ್ಲಿ ಇದೇ ದಾರಿಯ ಮೊದಲ ಹೆಜ್ಜೆ ಬಿದ್ದುದು ಹತ್ತಿಯ ಸೀಮೆಯಲ್ಲಿಯೇ ಎಂಬುದು ಆಕಸ್ಮಿಕವಲ್ಲ. 1905ರಲ್ಲಿ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಹತ್ತು ವರ್ಷಗಳ ತರುವಾಯ, 1915ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಹುಟ್ಟಿತು. ಗದಗೂ ಅದನ್ನು ಅನುಸರಿಸಿತು. ಒಬ್ಬೊಬ್ಬನೇ ಗಾಡಿ ಹೊಡೆದುಕೊಂಡು ಹೋಗಿ ದಲಾಲಿಯ ಮುಂದೆ ಕೈಕಟ್ಟಿ ನಿಲ್ಲುವ ಬದಲು, ಹತ್ತು ಜನ ಕೂಡಿ ಗುಣ ವಿಂಗಡಿಸಿ, ತೂಕ ಮಾಡಿಸಿ, ಹರಾಜಿನಲ್ಲಿ ಮಾರುವುದು—ಇಷ್ಟೇ ಅದರ ಮರ್ಮ. ಲೋಕದ ಧಾರಣೆಯನ್ನು ಆ ಸಂಘಗಳು ಬದಲಿಸಲಿಲ್ಲ. ತಕ್ಕಡಿಯ ಒಂದು ತಟ್ಟೆಯನ್ನು ರೈತನ ಕೈಗೆ ಕೊಟ್ಟವು. ನೂರು ವರ್ಷಗಳ ಬದಲಾವಣೆಗಳಲ್ಲಿ ಬೀಜ ಹೊರಗಿನಿಂದ ಬಂದಿತು, ಯಂತ್ರ ಹೊರಗಿನಿಂದ ಬಂದಿತು, ರೈಲೂ ಹೊರಗಿನಿಂದ ಬಂದಿತು. ಈ ಒಂದು ಬದಲಾವಣೆಯನ್ನು ಮಾತ್ರ ಊರು ತಾನೇ ತನಗಾಗಿ ಮಾಡಿಕೊಂಡಿತು.

ಬೀಜದ ಮೊಮ್ಮಕ್ಕಳು

ಕುಸುಗಲ್ಲಿಗೆ ಬಂದ ಆ ಬೀಜದ ವಂಶ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡ ಅಮೆರಿಕನ್ ಹತ್ತಿಯಿಂದ ಆರಿಸಿ ಬೆಳೆಸಿದ ತಳಿ ‘ಗದಗ 1’. ಅದರ ಸಂತಾನ ‘ಲಕ್ಷ್ಮಿ’. ಆ ಲಕ್ಷ್ಮಿಯನ್ನೇ ತಾಯಿಯಾಗಿ ಮಾಡಿಕೊಂಡು 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕತರ್ಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ರೂಪಿಸಿದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಬೇಸಾಯಕ್ಕೆ ತಂದ ತಳಿಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಮರ್ಸರನು ಮೆಚ್ಚಿದ ನೆಲದ ಜಾಣತನ ವ್ಯರ್ಥವಾಗಲಿಲ್ಲ.

ಆದರೆ ಸಂಕರ ಬೀಜವನ್ನು ಕಣಜದಲ್ಲಿಟ್ಟು ಮರುವರ್ಷ ಬಿತ್ತುವಂತಿಲ್ಲ. ವರ್ಷ ವರ್ಷವೂ ಕೊಳ್ಳಬೇಕು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತಾಗ ಅಮೆರಿಕದ ವಿದ್ಯೆ ಮತ್ತೊಮ್ಮೆ ಬೀಜದ ಚೀಲದಲ್ಲಿ ಬಂದಿತು. ಅಂದು ಬೆಲೆಯೊಂದೇ ಹೊರಗಿನದಾಗಿತ್ತು. ಇಂದು ಬೀಜವೂ ಅಂಗಡಿಯದು. ಯಲಬುರ್ಗೆಯ ಹೊಲಗಳಲ್ಲಿ ಈಗ ಹೆಚ್ಚಾಗಿ ಕಾಣುವ ಮೆಕ್ಕೆಜೋಳವೂ ಅಮೆರಿಕ ಖಂಡದಿಂದ ಬಂದ ಅತಿಥಿಯೇ. ಅದರ ಧಾರಣೆಯ ಕಥೆ ಹತ್ತಿಯದಕ್ಕಿಂತ ಬೇರೆಯಲ್ಲ.

1880ರ ದಶಕದಲ್ಲಿ ಅಂಚನ್ನು ಸವರಿ ಹೋದ ರೈಲು ಕೊನೆಗೆ ಊರಿಗೂ ಬಂದಿತು. ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೇಲೆ ಹಾಯ್ದು ಕುಷ್ಟಗಿಯವರೆಗೆ 2025ರಲ್ಲಿ ಪ್ರಯಾಣಿಕರ ಬಂಡಿ ಓಡಿತು. ಗದಗಿನ ಪೇಟೆ ಇನ್ನಷ್ಟು ಹತ್ತಿರವಾಯಿತು. ಧಾರಣೆಯ ಸುದ್ದಿಯಂತೂ ಅಂಗೈಯ ಫೋನಿನಲ್ಲೇ ಬರುತ್ತದೆ. ಸುದ್ದಿ ಬೇಗ ತಿಳಿಯುವುದು ಒಳ್ಳೆಯದೇ. ಆದರೆ ಬೆಲೆಯನ್ನು ತಿಳಿಯುವುದು ಬೇರೆ, ಬೆಲೆ ಕಟ್ಟುವಾಗ ತಾನೂ ಕುಳಿತಿರುವುದು ಬೇರೆ. ಕಣಗಿನಹಾಳದ ಹಿರಿಯರು 1905ರಲ್ಲಿ ಕಂಡುಕೊಂಡುದು ಈ ಅಂತರವನ್ನೇ.

ಪಡಸಾಲೆಯಲ್ಲಿ ರಾಶಿ ಏರಿದ ಸಂಜೆ ಮನೆಯ ಹಿರಿಯನು ಇಂದಿಗೂ ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಅದನ್ನು ಒಬ್ಬನೇ ಕೇಳಿದರೆ ಕಾದು ಕೂರಬೇಕು. ಊರೆಲ್ಲ ಕೂಡಿ ಕೇಳಿದ ದಿನ, ಪೇಟೆಯು ಕಿವಿಗೊಡದೆ ಇರಲಾರದು.